ಹೊಲದ ಕಲ್ಗುಪ್ಪೆ, ಕಡತದಲ್ಲಿಲ್ಲದ ಗೋರಿ

ಗಂಗಾವತಿ ಸೀಮೆಯ ಹಿರೇಬೆಣಕಲ್ ಗುಡ್ಡದ ಮೇಲೆ ಕಬ್ಬಿಣಯುಗದ ಸುಮಾರು 400 ಶಿಲಾಸಮಾಧಿಗಳಿವೆ. ಊರವರಿಗೆ ಅವು ‘ಮೊರೇರ ಮನೆ’. ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿದ ಆ ಮನೆಗಳನ್ನು ಯಾರೂ ಕಲ್ಲಿನ ರಾಶಿ ಎಂದುಕೊಳ್ಳುವುದಿಲ್ಲ. 2021ರಲ್ಲಿ ಅವು ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದವು. ಬಯಲುಸೀಮೆಯ ಹೊಲಗಳಲ್ಲಿರುವ ಅದೇ ಕಾಲದ ಗೋರಿಗಳ ಪಾಡು ಬೇರೆ. ಅಲ್ಲಿ ಕಾಣುವುದು ದುಂಡಗೆ ಜೋಡಿಸಿದ ಗುಂಡುಗಳು, ನಡುವೆ ಒಂದು ಕಲ್ಗುಪ್ಪೆ, ಅಷ್ಟೇ.

ಒಳಗಿರುವುದು ಮಾತ್ರ ಲೆಕ್ಕಾಚಾರದ ಕಟ್ಟಡ. 1850ರ ದಶಕದಲ್ಲಿ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಜೇವರ್ಗಿಯ ಗೋರಿಗಳನ್ನು ಅಗೆಸಿ, ಮಣ್ಣಿನ ಪದರಗಳ ಸೀಳುನೋಟ ಬರೆದಿಟ್ಟ. 1947ರಲ್ಲಿ ಮೊಳಕಾಲ್ಮುರು ಬಳಿಯ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಕಟ್ಟಿದ ಬಗೆ ಇನ್ನೂ ಸ್ಪಷ್ಟವಾಯಿತು. ನಾಲ್ಕು ಚಪ್ಪಡಿಗಳನ್ನು ಸ್ವಸ್ತಿಕದಂತೆ, ಒಂದರ ಅಂಚು ಮತ್ತೊಂದನ್ನು ದಾಟುವ ಹಾಗೆ ನಿಲ್ಲಿಸಿದ್ದರು. ಹೊರಗಿನ ಮಣ್ಣು ಒತ್ತಿದಷ್ಟೂ ಅವು ಒಂದಕ್ಕೊಂದು ಆತುಕೊಳ್ಳುತ್ತವೆ. ಮೂಡಣ ಚಪ್ಪಡಿಯಲ್ಲಿ ದುಂಡು ಕಿಂಡಿ. ಒಳಗೆ ಬಿಡಿ ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು. ನಿಧಿಗಳ್ಳರು ಹುಡುಕುವ ಹೊನ್ನಿನ ಕೊಪ್ಪರಿಗೆ ಇಲ್ಲ. ಆದರೂ ಮುಚ್ಚುಗಲ್ಲು ಒಡೆಯುತ್ತಾರೆ, ಒಂದು ಬದಿ ತೋಡುತ್ತಾರೆ. ಆತುಕೊಂಡಿದ್ದ ಕಲ್ಲು ಸಡಿಲಾಗಿ ಗೋಡೆ ಒಳಕ್ಕೆ ವಾಲುತ್ತದೆ. ಯಾವ ಮಡಕೆ ಯಾವ ಮೂಳೆಯ ಬಳಿ ಇತ್ತೆಂಬುದೇ ಇಲ್ಲಿ ಪುರಾವೆ. ಮಣ್ಣು ಕಲಸಿಹೋದ ಮೇಲೆ ಮಡಕೆ ಸಿಕ್ಕರೂ ಅದರಿಂದ ತಿಳಿಯುವುದು ಕಡಿಮೆ. ಉಳಿದದ್ದನ್ನು ಜೆಸಿಬಿ ಬದುವಿಗೆ ತಳ್ಳುತ್ತದೆ, ಇಲ್ಲವೇ ಕ್ರಷರ್ ಜಲ್ಲಿ ಮಾಡುತ್ತದೆ.

ಸ್ಮಾರಕ ರಕ್ಷಣೆಗೆ 1904ರಲ್ಲೇ ಕಾನೂನು ಬಂತು. ಈಗಿನದು 1958ರ ಕೇಂದ್ರ ಕಾಯ್ದೆ, ಜೊತೆಗೆ 1961ರ ರಾಜ್ಯ ಕಾಯ್ದೆ. ಕೇಂದ್ರ ಕಾಯ್ದೆಯ 2010ರ ತಿದ್ದುಪಡಿ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ಕಟ್ಟಡ ಕಟ್ಟುವುದು ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂದಿತು. ಬಿಗಿ ಕಾನೂನೇ ಸರಿ, ಆದರೆ ಅಳತೆ ಶುರುವಾಗುವುದೇ ಅಧಿಸೂಚಿತ ಗಡಿಯಿಂದ. ಗುಡಿಗೆ ಗೋಡೆಯುಂಟು, ಹತ್ತಾರು ಹೊಲಗಳಲ್ಲಿ ಚೆದುರಿದ ಗೋರಿಗಳಿಗೆ ಗಡಿ ಎಲ್ಲಿಯದು? ಅಧಿಸೂಚನೆಗೆ ಮುನ್ನ ಆಕ್ಷೇಪಣೆಗೆಂದು ಎರಡು ತಿಂಗಳ ನೋಟಿಸು ಬೇರೆ.

ಆದ್ದರಿಂದ ಮೊದಲು ಬೇಕಾದದ್ದು ದಾಖಲೆ: ಸರ್ವೆ ನಂಬರು, ಪ್ರತಿ ವೃತ್ತದ ವ್ಯಾಸ, ನಿಂತಿರುವ ಮತ್ತು ಬಿದ್ದಿರುವ ಕಲ್ಲುಗಳ ಎಣಿಕೆ, ಕಿಂಡಿ ಕಂಡರೆ ಅದರ ದಿಕ್ಕು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಚಿತ್ರ. ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸಬಾರದು. ಒಳಗೇನಿದೆ ಎಂದು ಕೆದಕಲೂಬಾರದು. ಈ ವಿವರ ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಲಿಖಿತವಾಗಿ ಹೋಗಬೇಕು, ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು.