ಮೂವತ್ತೆರಡು ಪೈಪು, ಐದು ಸಲ ಬಿಚ್ಚಾಟ

ಚಿತ್ತಾಪುರದ ಕಡೆ ನಮ್ಮದೊಂದು ಹೊಲ. ಬಾವಿಯಿಂದ ತೊಗರಿ ಹೊಲದ ತುದಿವರೆಗೆ ಇಪ್ಪತ್ತು ಅಡಿಯ 32 ಸ್ಪ್ರಿಂಕ್ಲರ್ ಪೈಪು ಜೋಡಿಸಿ ಮೋಟಾರು ಹಾಕಿದರೆ ತುದಿಯಲ್ಲಿ ಒಂದು ಹನಿ ನೀರಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಪೈಪುಗಳು. ಯಾವುದರೊಳಗೋ ಇಲಿ ಗೂಡು ಕಟ್ಟಿತ್ತು. ನಾನು ಬಾವಿ ಕಡೆಯಿಂದ ಒಂದೊಂದೇ ಬಿಚ್ಚುತ್ತ ಹೊರಟೆ. ಹೊಲ ನೋಡಿಕೊಳ್ಳುವ ಕಾಕಾ ತಡೆದರು: ‘ಹಿಂಗಾದ್ರ ಕರೆಂಟ್ ಹೋಗ್ತದ. ನಟ್ಟನಡುವ ಬಿಚ್ರಿ.’

ಹದಿನಾರನೆಯ ಪೈಪಿನ ಆಚೆ ಬಿಚ್ಚಿದೆವು. ನೀರು ನುಗ್ಗಿತು. ಅಂದರೆ ಈಚಿನ ಹದಿನಾರೂ ಸ್ವಚ್ಛ. ಉಳಿದ ಹದಿನಾರರ ನಡುವೆ ಬಿಚ್ಚಿದರೆ ನೀರಿಲ್ಲ. ಗೂಡು ಆ ಎಂಟರೊಳಗೇ. ಆಮೇಲೆ ನಾಲ್ಕು, ಎರಡು, ಒಂದು. ಐದನೆಯ ಸಲಕ್ಕೆ ಸಿಕ್ಕಿತು. ನನ್ನ ದಾರಿಯಲ್ಲಿ ಹೋಗಿದ್ದರೆ ಮೂವತ್ತೊಂದು ಸಲ ಬಿಚ್ಚಬೇಕಾಗಬಹುದಿತ್ತು, ಅಷ್ಟೂ ಸಲ ಮೋಟಾರು ಬಂದ್ ಮಾಡಿ, ಚಾಲೂ ಮಾಡಿ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಕಾಕಾ ಮಾಡಿದ್ದಕ್ಕೆ ಪುಸ್ತಕದಲ್ಲಿ ಬೈನರಿ ಸರ್ಚ್ ಎಂದು ಹೆಸರು.

ನನಗೆ ಹುಚ್ಚು ಹಿಡಿಸುವುದು ಇದರ ಲೆಕ್ಕ. ಪೈಪು 64 ಆದರೆ ಒಂದೇ ಸಲ ಹೆಚ್ಚು ಬಿಚ್ಚಬೇಕು. ಹತ್ತು ಲಕ್ಷ ಪೈಪು, ಅಂದರೆ ಆರು ಸಾವಿರ ಕಿಲೋಮೀಟರಿನಷ್ಟು ಉದ್ದ ಜೋಡಿಸಿದರೂ ಇಪ್ಪತ್ತು ಸಲ ಸಾಕು. ರೊಟ್ಟಿಯನ್ನು ಅರ್ಧ ಮುರಿದು, ಆ ಅರ್ಧವನ್ನು ಮತ್ತೆ ಮುರಿಯುತ್ತ ಹೋದರೆ ಎಷ್ಟು ದೊಡ್ಡ ರೊಟ್ಟಿಯಾದರೂ ಬೇಗನೆ ತುತ್ತಾಗುತ್ತದಲ್ಲ, ಹಾಗೆ. ಅಥವಾ, ಪ್ರತಿ ಪ್ರಶ್ನೆಗೂ ಜಾತ್ರೆಯ ಅರ್ಧ ಮಂದಿಯನ್ನು ಮನೆಗೆ ಕಳಿಸಿದ ಹಾಗೆ.

ಆಲ್ಗಾರಿದಮ್ ಎಂದರೆ ಮನಸ್ಸು ಓದುವ ಯಾವುದೋ ದೆವ್ವ ಫೋನಿನಲ್ಲಿ ಕೂತಿದೆ ಎಂದೇ ನಮ್ಮ ಬಹಳ ಮಂದಿ ತಿಳಿದಿದ್ದಾರೆ. ಮೊದಲು ಪಂಚಾಂಗಕ್ಕೆ ಹೆದರುತ್ತಿದ್ದರು, ಈಗ ರೀಲ್ಸಿಗೆ. ಕಾಕಾ ಮಾಡಿದ ಹಾಗೆ, ಒಂದಾದ ಮೇಲೊಂದು ಹೆಜ್ಜೆಯಿಟ್ಟು ಕೆಲಸ ಮುಗಿಸುವ ವಿಧಾನವೇ ಆಲ್ಗಾರಿದಮ್. ಕಂಪ್ಯೂಟರಿಗೂ ಆ ಪದಕ್ಕೂ ಮೂಲದಲ್ಲಿ ಸಂಬಂಧವೇ ಇಲ್ಲ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿಯ ಹೆಸರು ಲ್ಯಾಟಿನ್ ಬಾಯಲ್ಲಿ ತಿರುಚಿ ಆದ ಪದ ಅದು. ಭಾರತದ ಅಂಕಿಗಳಿಂದ ಲೆಕ್ಕ ಮಾಡುವುದು ಹೇಗೆಂದು ಆತ ಬರೆದಿದ್ದ.

ಅದೇ ಶತಮಾನದಲ್ಲಿ ನಮ್ಮ ಸೇಡಂ ತಾಲೂಕಿನ ಮಳಖೇಡ, ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಇಂದು ಮಳಖೇಡ ಎಂದರೆ ಮಕ್ಕಳಿಗೆ ಗೊತ್ತಿರುವುದು ಸಿಮೆಂಟು. ಆತ ಕೇಳಿದ ಒಂದು ಲೆಕ್ಕ ನೋಡಿ: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು, ಈ ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದು? ಆತನ ಕರಣಸೂತ್ರದ, ಅಂದರೆ ಲೆಕ್ಕ ಮಾಡುವ ವಿಧಾನದ, ಸಾರ ಇಷ್ಟು. ಒಂದರಿಂದ ಏರುತ್ತ ಒಂದು ಸಾಲು ಬರೆ, ಅದರ ಮೇಲೆ ಆರರಿಂದ ಇಳಿಯುತ್ತ ಇನ್ನೊಂದು. ಮೂರು ರುಚಿ ಬೇಕೆಂದರೆ ಮೇಲಿನ ಮೂರನ್ನು ಗುಣಿಸು: 6×5×4. ಕೆಳಗಿನ ಮೂರರ ಗುಣಲಬ್ಧದಿಂದ ಭಾಗಿಸು: 1×2×3. ಉತ್ತರ 20. ಬರೆ, ಗುಣಿಸು, ಭಾಗಿಸು. ಕಾಕಾನ ‘ಬಿಚ್ರಿ’ಯ ಹಾಗೆ ಬರೀ ಅಪ್ಪಣೆ. ಕರಣಸೂತ್ರವೆಂಬ ಒಳ್ಳೆಯ ಪದ ಮನೆಯಲ್ಲೇ ಇತ್ತು, ನಾವು ಕಳೆದುಕೊಂಡೆವು.

ಮಕ್ಕಳಿಗೆ ಇದನ್ನು ಕಲಿಸಲು ದುಡ್ಡು ಕೊಟ್ಟು ಕೋಡಿಂಗ್ ಕ್ಲಾಸಿಗೆ ಕಳಿಸಬೇಕಿಲ್ಲ. ಆರನೆಯ ಇಯತ್ತೆಯ ನನ್ನ ಅಕ್ಕನ ಮಗಳಿಗೆ ಕನ್ನಡ ನಿಘಂಟು ಕೊಟ್ಟು, ಕಾಕಾನ ಉಪಾಯ ಹೇಳಿ, ‘ಮಳೆ’ ಹುಡುಕು ಅಂದೆ. ನಡುವೆ ತೆರೆದಳು, ಹಿಂದೆ ಬಿಟ್ಟಳು, ಮುಂದೆ ಬಿಟ್ಟಳು, ಹಿಡಿದಳು. ‘ಕ್ಷಮೆ’ ಅಂದೆ. ಕೊನೆಯ ಪುಟಗಳಲ್ಲಿ ಅರ್ಧ ಅರ್ಧ ಮಾಡಿ ಸುಸ್ತಾದಳು.

‘ನಿಘಂಟೇ ತಪ್ಪದ, ಮಾಮಾ!’

ಅವಳ ಗೋಡೆಯ ವರ್ಣಮಾಲೆ ಪಟದಲ್ಲಿ ಕ್ಷ, ಜ್ಞ ಕಟ್ಟಕಡೆಗಿವೆ. ನಿಘಂಟಿನಲ್ಲಿ ಕ್ಷ ಇರುವುದು ‘ಕ’ದೊಳಗೆ. ಉಪಾಯ ಸರಿಯಿತ್ತು, ಅವಳ ತಲೆಯೊಳಗಿನ ಸಾಲೂ ಪುಸ್ತಕದ ಸಾಲೂ ಬೇರೆಯಾಗಿದ್ದವು. ಸಾಲು ಕೆಟ್ಟರೆ ಅರ್ಧ ಬಿಸಾಡುವ ಹಕ್ಕೇ ಹೋಗುತ್ತದೆ. ಬಿಸಾಡಿದ ಅರ್ಧದಲ್ಲೇ ಬೇಕಾದದ್ದು ಕೂತಿರಬಹುದು.

ಮರುದಿನ ಮದುವೆಯ ಮುಯ್ಯಿ ಪಟ್ಟಿ ಅವಳ ಮುಂದಿಟ್ಟು ಒಂದು ಹೆಸರು ಹುಡುಕು ಅಂದೆ. ಮುಟ್ಟಲಿಲ್ಲ. ‘ಮೊದಲ ಹೇಳು ಮಾಮಾ, ಸಾಲು ಹ್ಯಾಂಗ ಹಚ್ಚ್ಯಾರ?’