ನಗರಸಭೆಯ ಲೆಕ್ಕ: 31 ಸದಸ್ಯರಿರುವಲ್ಲಿ 17 ಮತ ಏಕೆ ಬೇಕು?

ಸಣ್ಣ ಊರುಗಳ ಸ್ಥಳೀಯ ಆಡಳಿತಕ್ಕೆ ಆಧಾರವಾಗಿರುವುದು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ. ಸ್ಥೂಲವಾಗಿ ಹೇಳುವುದಾದರೆ 10 ಸಾವಿರದಿಂದ 20 ಸಾವಿರ ಜನರಿರುವ ಊರಿಗೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ. ಅದನ್ನು ಮೀರಿದರೆ ಮಹಾನಗರ ಪಾಲಿಕೆ. ಅದರ ಕಾಯ್ದೆಯೇ ಬೇರೆ. ಸದಸ್ಯರ ಅವಧಿ ಐದು ವರ್ಷ, ಅಧ್ಯಕ್ಷರದ್ದು 30 ತಿಂಗಳು. ನನ್ನಂತೆ ಪರೀಕ್ಷೆಗೆ ಓದುವವರಿಗೆ ಇಷ್ಟು ಬಾಯಿಪಾಠವಾದರೆ ಸಾಕು.

ನಾನು ಎಡವಿದ್ದು ಅಧ್ಯಕ್ಷರ ಚುನಾವಣೆಯಲ್ಲಿ. ಸಾಗರ ನಗರಸಭೆಯಲ್ಲಿ 31 ವಾರ್ಡುಗಳಿವೆ. ಆದ್ದರಿಂದ 16 ಸದಸ್ಯರ ಬೆಂಬಲವಿದ್ದವರು ಗೆಲ್ಲಬೇಕೆಂದು ಬರೆದಿಟ್ಟುಕೊಂಡು, ಮಾದರಿ ಪ್ರಶ್ನೆಯೊಂದಕ್ಕೆ ಹಾಗೆಯೇ ಉತ್ತರಿಸಿ ಅಂಕ ಕಳೆದುಕೊಂಡೆ. ತಪ್ಪು ಕೂಡುವುದರಲ್ಲಿ ಆಗಿರಲಿಲ್ಲ, ಯಾರನ್ನು ಕೂಡಿಸಬೇಕೆಂಬುದರಲ್ಲಿ ಆಗಿತ್ತು.

ಸಂವಿಧಾನದ 243ಆರ್ ವಿಧಿಯ ಪ್ರಕಾರ ಚುನಾಯಿತ ಸದಸ್ಯರಲ್ಲದೆ ಇನ್ನೂ ಕೆಲವರಿಗೆ ಸಭೆಯಲ್ಲಿ ಸ್ಥಾನ ಕೊಡಲು ರಾಜ್ಯದ ಕಾನೂನಿಗೆ ಅವಕಾಶವಿದೆ. ಕರ್ನಾಟಕದಲ್ಲಿ ಸರ್ಕಾರ ನಾಮನಿರ್ದೇಶನ ಮಾಡುವ, ಐವರನ್ನು ಮೀರದ ಸದಸ್ಯರಿರುತ್ತಾರೆ. ಅವರು ಚರ್ಚೆಯಲ್ಲಿ ಮಾತನಾಡಬಹುದು, ಮತ ಹಾಕುವಂತಿಲ್ಲ. ಆ ಪ್ರದೇಶವನ್ನು ಪ್ರತಿನಿಧಿಸುವ ಶಾಸಕರೂ ಲೋಕಸಭಾ ಸದಸ್ಯರೂ ಸಭೆಯ ಸದಸ್ಯರೇ, ಅವರಿಗೆ ಮತವೂ ಇದೆ. ನಾನು ಈ ಎರಡು ಗುಂಪುಗಳನ್ನೂ ‘ಹೊರಗಿನವರು’ ಎಂದು ಒಂದೇ ಕಂಸದೊಳಗೆ ಹಾಕಿ ಮತವಿಲ್ಲವೆಂದು ತೀರ್ಮಾನಿಸಿಬಿಟ್ಟಿದ್ದೆ. ಹಾಗಾಗಿ ಸರಿಯಾದ ಲೆಕ್ಕ 31ಕ್ಕೆ ಎರಡು ಸೇರಿ 33. ಎಲ್ಲರೂ ಹಾಜರಿದ್ದರೆ ಬಹುಮತಕ್ಕೆ 17 ಬೇಕು. ಒಂದು ಪಕ್ಷಕ್ಕೆ 16, ಇನ್ನೊಂದಕ್ಕೆ 15 ಸ್ಥಾನ ಬಂದಿದ್ದು, ಶಾಸಕರೂ ಸಂಸದರೂ ಎರಡನೆಯ ಪಕ್ಷದವರೇ ಆಗಿದ್ದರೆ ಫಲಿತಾಂಶ 17–16 ಎಂದು ತಿರುಗಿಬಿಡುತ್ತದೆ. ರಾಜ್ಯಸಭೆ ಮತ್ತು ವಿಧಾನ ಪರಿಷತ್ತಿನ ಸದಸ್ಯರು ಅದೇ ಊರಿನ ಮತದಾರರ ಪಟ್ಟಿಯಲ್ಲಿದ್ದರೆ ಅವರೂ ಸೇರುತ್ತಾರೆ, ಇಲ್ಲದಿದ್ದರೆ ಇಲ್ಲ. ಅಧ್ಯಕ್ಷರ ಆಯ್ಕೆ ಹತ್ತಿರವಾದಾಗ ಇಂಥವರ ವಿಳಾಸ ಬದಲಾವಣೆ ಸುದ್ದಿಯಾಗುವುದೇಕೆಂದು ನನಗೆ ಅರ್ಥವಾದದ್ದು ಈ ಸಾಲನ್ನು ಓದಿದ ಮೇಲೆಯೇ.

ಮುಂದಿನ ವಿಷಯ ಅಧ್ಯಕ್ಷರಿಗೂ ಪೌರಾಯುಕ್ತರಿಗೂ ಇರುವ ವ್ಯತ್ಯಾಸ. ನಿರ್ಣಯ ಮಾಡುವುದು ಸಭೆ, ಅಧ್ಯಕ್ಷತೆ ಅಧ್ಯಕ್ಷರದ್ದು. ನಿರ್ಣಯವನ್ನು ಜಾರಿಗೆ ತಂದು ಸಿಬ್ಬಂದಿಯಿಂದ ಕೆಲಸ ಮಾಡಿಸುವುದು ಸರ್ಕಾರ ನೇಮಿಸಿದ ಪೌರಾಯುಕ್ತರು. ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಅದೇ ಸ್ಥಾನದಲ್ಲಿರುವವರನ್ನು ಮುಖ್ಯಾಧಿಕಾರಿ ಎನ್ನುತ್ತಾರೆ. ನಾನು ಕಂಡುಕೊಂಡ ಸುಲಭೋಪಾಯ ಒಂದೇ ಪ್ರಶ್ನೆ: ಇದಕ್ಕೆ ಹೊಸದಾಗಿ ಹಣ ಮಂಜೂರಾಗಬೇಕೇ? ಬೀದಿದೀಪದ ಬಲ್ಬು ಸುಟ್ಟಿದ್ದರೆ ಅದು ನಿರ್ವಹಣೆಯ ಕೆಲಸ, ದೂರು ಕಚೇರಿಗೆ ಅಥವಾ ‘ಜನಹಿತ’ ದೂರು ವ್ಯವಸ್ಥೆಗೆ ಹೋಗಬೇಕು. ಕಂಬವೇ ಇಲ್ಲದ ಓಣಿಗೆ ಹೊಸ ಕಂಬ ಬೇಕಾದರೆ ವಾರ್ಡಿನ ಸದಸ್ಯರ ಮೂಲಕ ಸಭೆಯ ಕಾರ್ಯಸೂಚಿಗೆ ಬರಬೇಕು. ನಮ್ಮ ಓಣಿಯವರು ಕಂಬದ ಅರ್ಜಿಯನ್ನು ದೂರಿನ ಪುಸ್ತಕದಲ್ಲಿ ಬರೆಸಿ ಒಂದು ಮಳೆಗಾಲವಿಡೀ ಕಾದರು; ಎರಡನೆಯ ಸಲ ಸದಸ್ಯರಿಗೆ ಒಂದು ಪ್ರತಿ, ಕಚೇರಿಯ ಆವಕ ವಿಭಾಗಕ್ಕೆ ಒಂದು ಪ್ರತಿ ಕೊಟ್ಟು, ಮೂರನೆಯದರ ಮೇಲೆ ದಿನಾಂಕದ ಮೊಹರು ಒತ್ತಿಸಿಕೊಂಡು ಬಂದರು.

ನಿವಾಸಿಗಳ ಭಾಗವಹಿಸುವಿಕೆ ಎಂದೊಡನೆ ನಾವೆಲ್ಲ ವಾರ್ಡ್ ಸಮಿತಿ ಎಂದು ಬರೆಯುತ್ತೇವೆ. ಆದರೆ 243ಎಸ್ ವಿಧಿ ಅದನ್ನು ಕಡ್ಡಾಯಗೊಳಿಸಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ಊರುಗಳಿಗೆ ಮಾತ್ರ. ಸಣ್ಣ ನಗರದವರು ಆ ವಿಧಿಯನ್ನು ತೋರಿಸಿ ಸಮಿತಿ ಕೇಳಲಾಗದು. ಅಂಥ ಊರಿನಲ್ಲಿ ನಿಜಕ್ಕೂ ಕೈಗೆಟಕುವುದು ಆಯವ್ಯಯದ ಪೂರ್ವಭಾವಿ ಸಭೆ. ಹೊಸ ಲೆಕ್ಕವರ್ಷ ಏಪ್ರಿಲ್ 1ಕ್ಕೆ ಆರಂಭವಾಗುವುದರಿಂದ ಈ ಸಭೆಯನ್ನು ಅದಕ್ಕೂ ಕೆಲವು ತಿಂಗಳು ಮೊದಲೇ ಕರೆಯುತ್ತಾರೆ. ಬೇಸಿಗೆಯಲ್ಲಿ ಕೇಳಲು ಹೊರಟರೆ ತಡವಾಗಿರುತ್ತದೆ. ಕೇಳುವ ಮೊದಲು ಶೇ 24.10ರಷ್ಟು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25ರಷ್ಟು ಇತರ ಬಡವರಿಗೆ, ಶೇ 5ರಷ್ಟು ಅಂಗವಿಕಲರಿಗೆ ಮೀಸಲಿಡುವ ಪದ್ಧತಿಯನ್ನು ತಿಳಿದಿರಬೇಕು. ನಿಮ್ಮ ಓಣಿಯ ಬೇಡಿಕೆ ಇವುಗಳಲ್ಲಿ ಒಂದಕ್ಕೆ ಹೊಂದುವುದಾದರೆ ಅರ್ಜಿಯಲ್ಲಿ ಅದನ್ನೇ ಮೊದಲು ಬರೆಯುವುದು ಜಾಣತನ.

ಸಾಮಾನ್ಯ ಸಭೆಯಲ್ಲಿ ಪ್ರೇಕ್ಷಕರಾಗಿ ಕೂರಬಹುದು, ಎದ್ದು ಮಾತನಾಡುವ ಹಕ್ಕಿಲ್ಲ. ಹೋಗಲಾಗದಿದ್ದರೆ ನಡಾವಳಿಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. ‘ಕಂಬ ಏಕೆ ಹಾಕಲಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲವೆಂದು ಅರ್ಜಿ ಮರಳಬಹುದು. ‘ಇಂಥ ತಿಂಗಳ ಸಭೆಯ ನಡಾವಳಿಯ ಪ್ರತಿ ಕೊಡಿ’ ಎಂದು ಕೇಳಿದರೆ ಕಂಬದ ವಿಷಯ ಕಾರ್ಯಸೂಚಿಗೆ ಬಂದಿತ್ತೇ ಇಲ್ಲವೇ ಎಂಬುದು ಆ ಪುಟಗಳಲ್ಲೇ ಸಿಗುತ್ತದೆ.