ವಿಶ್ವಕಪ್ ಬಿಟ್ಟು ಕೂತ ಅಡಾ ಹೆಗರ್‌ಬರ್ಗ್: ನಾರ್ವೆ ತಂಡದ ಮೇಲಿನ ಐದು ವರ್ಷದ ಮುನಿಸಿನ ಹಿನ್ನೆಲೆ

2019ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಫೈನಲ್ ನಡೆದದ್ದು ಫ್ರಾನ್ಸ್‌ನ ಲಿಯೋನ್ ನಗರದಲ್ಲಿ. ನಾರ್ವೆಯ ಆಟಗಾರ್ತಿ ಅಡಾ ಹೆಗರ್‌ಬರ್ಗ್ ಆಡುತ್ತಿದ್ದದ್ದು ಅದೇ ಊರಿನ ಕ್ಲಬ್ಬಿಗೆ. 2018ರ ಡಿಸೆಂಬರ್‌ನಲ್ಲಿ ಮಹಿಳೆಯರಿಗೆ ಮೊದಲ ಸಲ ಕೊಟ್ಟ ಬ್ಯಾಲನ್ ಡಿ'ಓರ್, ಅಂದರೆ ವರ್ಷದ ಶ್ರೇಷ್ಠ ಫುಟ್‌ಬಾಲ್ ಆಟಗಾರ್ತಿ ಪ್ರಶಸ್ತಿ, ಅವರ ಕೈ ಸೇರಿತ್ತು. ನಾರ್ವೆ ಕ್ವಾರ್ಟರ್ ಫೈನಲ್‌ವರೆಗೂ ಹೋಯಿತು. ಆದರೆ ತಂಡದಲ್ಲಿ ಅಡಾ ಇರಲಿಲ್ಲ. ಗಾಯವಾಗಿರಲಿಲ್ಲ, ಯಾರೂ ಕೈಬಿಟ್ಟೂ ಇರಲಿಲ್ಲ. ಬೇಡ ಅಂತ ಅವರೇ ದೂರ ನಿಂತಿದ್ದರು.

ಇದರ ಬೇರು ಹಳೆಯದು. ನಾರ್ವೆಯ ಫುಟ್‌ಬಾಲ್ ಸಂಸ್ಥೆ ಹೆಂಗಸರ ಆಟವನ್ನು ಒಪ್ಪಿಕೊಂಡದ್ದೇ 1976ರಲ್ಲಿ. 1986ರಲ್ಲಿ ಮೆಕ್ಸಿಕೋದಲ್ಲಿ ನಡೆದ ಫಿಫಾ ಸಭೆಯಲ್ಲಿ ನಾರ್ವೆಯ ಎಲೆನ್ ವಿಲ್ಲೆ ಎದ್ದು ನಿಂತು, ನಮಗೂ ವಿಶ್ವಕಪ್ ಬೇಕು ಎಂದು ಕೇಳಿದರು. 1991ರಲ್ಲಿ ಅದು ಶುರುವಾಯಿತು. 1995ರ ಜೂನ್‌ನಲ್ಲಿ ನಾರ್ವೆ ವಿಶ್ವಕಪ್ ಗೆದ್ದಿತು, 2000ದಲ್ಲಿ ಒಲಿಂಪಿಕ್ಸ್ ಚಿನ್ನ. ಆಮೇಲೆ ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್‌ಗಳಲ್ಲಿ ದೊಡ್ಡ ಕ್ಲಬ್ಬುಗಳು ಹೆಂಗಸರ ತಂಡಕ್ಕೆ ದುಡ್ಡು ಸುರಿದವು. ಮೊದಲು ದಾರಿ ತೋರಿಸಿದ ನಾರ್ವೆ ಹಿಂದೆ ಬಿತ್ತು.

1995ರ ಆ ವಿಶ್ವಕಪ್ ಗೆದ್ದ ಮೂರು ವಾರಕ್ಕೆ, ಜುಲೈ 10ರಂದು, ಅಡಾ ಹುಟ್ಟಿದರು. ಬೆಳೆದದ್ದು ಸುನ್‌ಡಾಲ್ಸೋರಾ ಎಂಬ ಸಣ್ಣ ಊರಿನಲ್ಲಿ. ಅಕ್ಕ ಆಂಡ್ರಿನೆ ಕೂಡ ಫುಟ್‌ಬಾಲ್ ಆಟಗಾರ್ತಿ. ಹದಿಹರೆಯದಲ್ಲೇ ಕೊಲ್ಬಾಟನ್, ಸ್ಟಾಬೆಕ್ ಕ್ಲಬ್ಬುಗಳಲ್ಲಿ ಆಡಿ, 2013ರಲ್ಲಿ ಜರ್ಮನಿಯ ಪಾಟ್ಸ್‌ಡಾಮ್‌ಗೆ, 2014ರಲ್ಲಿ ಲಿಯೋನ್‌ಗೆ ಹೋದರು. ಲಿಯೋನ್‌ನ ದಿನಗಳೇ ಈ ಕಥೆಯ ತಿರುವು ಎಂದು ನನಗನಿಸುತ್ತದೆ. ಅಲ್ಲಿ ಅಭ್ಯಾಸ, ಮೈದಾನ, ಪ್ರಯಾಣ, ಎಲ್ಲದರಲ್ಲೂ ಹೆಂಗಸರ ತಂಡವನ್ನು ಕ್ಲಬ್ಬು ಗಂಭೀರವಾಗಿ ನೋಡುತ್ತಿತ್ತು. ಅದನ್ನು ದಿನಾ ಕಂಡವರಿಗೆ ದೇಶದ ಶಿಬಿರದ ಕೊರತೆಗಳು ಕಣ್ಣಿಗೆ ಹೊಡೆಯದೆ ಇರುತ್ತವೆಯೇ?

2017ರಲ್ಲಿ ಯುರೋಪಿನ ದೇಶಗಳ ನಡುವಿನ ಯೂರೋ ಟೂರ್ನಿಯಲ್ಲಿ ನಾರ್ವೆ ಮೂರೂ ಪಂದ್ಯ ಸೋತಿತು. ಒಂದು ಗೋಲೂ ಬರಲಿಲ್ಲ. ಅದಾದ ಮೇಲೆ ಅಡಾ ರಾಷ್ಟ್ರೀಯ ತಂಡದಿಂದ ಹೊರಬಂದರು. ಅದೇ ಅಕ್ಟೋಬರ್‌ನಲ್ಲಿ ನಾರ್ವೆಯ ಗಂಡಸರ ತಂಡ ತನ್ನ ಪಾಲಿನ ಸ್ವಲ್ಪ ಹಣ ಬಿಟ್ಟುಕೊಟ್ಟು, ಎರಡೂ ತಂಡಗಳಿಗೆ ಸಮಾನ ಸಂಭಾವನೆಯ ಒಪ್ಪಂದ ಆಯಿತು. ಒಳ್ಳೆಯ ಹೆಜ್ಜೆಯೇ. ಆದರೆ ಇಲ್ಲೇ ಗೊಂದಲ ಹುಟ್ಟಿತು. ಸಂಬಳ ಸರಿಹೋಯಿತಲ್ಲ, ಇನ್ನೇನು ತಕರಾರು ಅಂತ ಜನ ಕೇಳಿದರು. ಇದು ದುಡ್ಡಿನ ಮಾತಲ್ಲ, ತಂಡವನ್ನು ಸಿದ್ಧಪಡಿಸುವ ರೀತಿ ಮತ್ತು ಆಟಗಾರ್ತಿಯರಿಗೆ ಕೊಡುವ ಗೌರವದ ಮಾತು ಎಂದು ಅಡಾ ಮತ್ತೆ ಮತ್ತೆ ಹೇಳಿದರು. ಸುಮ್ನೆ ಹಟ ಅಂದವರೂ ಇದ್ದರು. ನನಗೆ ಹಾಗನಿಸುವುದಿಲ್ಲ. ವಿಶ್ವಕಪ್ ಬಿಡುವುದು ಯಾವ ಆಟಗಾರ್ತಿಗೂ ಸುಲಭವಲ್ಲ.

ಕ್ಲಬ್ಬಿನಲ್ಲಂತೂ ಗೋಲು ನಿಲ್ಲಲಿಲ್ಲ. ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ 2019ರ ಫೈನಲ್‌ನಲ್ಲಿ ಬಾರ್ಸಿಲೋನಾ ವಿರುದ್ಧ 30 ನಿಮಿಷ ಆಗುವಷ್ಟರಲ್ಲಿ ಹ್ಯಾಟ್ರಿಕ್! ಆ ಕಪ್ಪನ್ನು ಲಿಯೋನ್ ಜೊತೆ ಅವರು ಗೆದ್ದದ್ದು ಆರು ಸಲ. ನಡುವೆ 2020ರ ಜನವರಿಯಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಮೇಲೆ ಇನ್ನೊಂದು ಕಾಲಿನ ಮೂಳೆಯಲ್ಲಿ ಬಿರುಕು. ಮತ್ತೆ ಮೈದಾನಕ್ಕಿಳಿದದ್ದು 2021ರ ಅಕ್ಟೋಬರ್‌ನಲ್ಲಿ.

2022ರ ಮಾರ್ಚ್‌ನಲ್ಲಿ ಮಾಜಿ ಆಟಗಾರ್ತಿ ಲೀಸೆ ಕ್ಲಾವೆನೆಸ್ ನಾರ್ವೆ ಫುಟ್‌ಬಾಲ್ ಸಂಸ್ಥೆಯ ಮೊದಲ ಮಹಿಳಾ ಅಧ್ಯಕ್ಷೆಯಾದರು. ಅದೇ ತಿಂಗಳು ಅಡಾ ದೇಶದ ತಂಡಕ್ಕೆ ಮರಳುವುದಾಗಿ ಘೋಷಣೆಯಾಯಿತು. ಏಪ್ರಿಲ್‌ನಲ್ಲಿ ಕೊಸೊವೊ ವಿರುದ್ಧ ಮೂರು ಗೋಲು ಹೊಡೆದೇ ಬಂದರು. ಬಂದ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ. ಆ ವರ್ಷದ ಯೂರೋದಲ್ಲಿ ಇಂಗ್ಲೆಂಡ್ 8-0 ಅಂತರದಲ್ಲಿ ನಾರ್ವೆಯನ್ನು ಸೋಲಿಸಿತು. 2025ರ ಯೂರೋದಲ್ಲಿ ಅಡಾ ನಾಯಕಿ. ಇಟಲಿ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಸಿಕ್ಕ ಪೆನಾಲ್ಟಿಯನ್ನು ಗೋಲು ಮಾಡಲಾಗದೆ ಕೈಚೆಲ್ಲಿದರು, ಸ್ವಲ್ಪ ಹೊತ್ತಿಗೆ ತಾವೇ ಗೋಲು ಹೊಡೆದು ಸಮ ಮಾಡಿದರು. ಕೊನೆಗೆ ನಾರ್ವೆ 2-1ರಿಂದ ಸೋತಿತು.